ಗಾದಿ ಅಂಗಡಿಯ ನಾಯಿಗೆ ಹಾಕಿಸಿದ ಕುಕ್ಕಿ

ನಾನು ನಿಂತಿದ್ದು ಲಕ್ಷ್ಮೇಶ್ವರದ ಒಂದು ಓಣಿಯಲ್ಲಿ, ಗಾದಿ ಅಂಗಡಿಯ ಎದುರಿಗೆ, ಚಹಾದಂಗಡಿಯವರು ಮಳೆಗೆಂದು ಮುಂದೆ ಚಾಚಿದ ತಗಡಿನ ಕೆಳಗೆ. ಗದಗ ಬೇರೆ ಜಿಲ್ಲೆಯಾಗಿ ಹದಿನಾಲ್ಕೋ ಹದಿನೈದೋ ವರ್ಷವಾಗಿತ್ತು. ಲಕ್ಷ್ಮೇಶ್ವರ ಇನ್ನೂ ಶಿರಹಟ್ಟಿ ತಾಲೂಕಿನಲ್ಲೇ ಇತ್ತು. ಆ ವರ್ಷ ಶ್ರಾವಣವೂ ರಂಜಾನ್ ತಿಂಗಳೂ ಒಟ್ಟಿಗೆ ಬಂದಿದ್ದವು. ಅಂದು ಸೋಮವಾರ. ಮಧ್ಯಾಹ್ನದ ನಮಾಜು ಮುಗಿದು ಮಂದಿ ಚದುರಿದ್ದರು. ಸಣ್ಣಗೆ ಮಳೆ ಹನಿಯುತ್ತಿತ್ತು. ನನ್ನ ಕೈಯಲ್ಲಿ ಚಹಾದ ಕಪ್ಪಿತ್ತು, ಪಕ್ಕದ ಬೆಂಚಿನ ಮೇಲೆ ನನ್ನ ಔಷಧದ ಚೀಲವಿತ್ತು. ನನಗೂ ಗಾದಿ ಅಂಗಡಿಯ ಮುಚ್ಚಿದ ಶಟರಿಗೂ ನಡುವೆ ಒಂದು ಎತ್ತಿನ ಗಾಡಿ ಅಡ್ಡ ನಿಲ್ಲುವಷ್ಟು ಜಾಗ, ಅಷ್ಟೇ. ನನಗೆ ಕಾಣಲಿಲ್ಲ ಎಂದು ಹೇಳುವ ಹಾಗಿಲ್ಲ ಎಂಬುದಕ್ಕಾಗಿ ಇದಿಷ್ಟನ್ನು ಮೊದಲೇ ಬರೆಯುತ್ತಿದ್ದೇನೆ.

ನಾನು ಪಶುವೈದ್ಯ. ಆಗ ಆ ಊರು ಮತ್ತು ಸುತ್ತಲಿನ ಹಳ್ಳಿಗಳ ದನ, ಎಮ್ಮೆ, ಕುರಿ ನೋಡುತ್ತಿದ್ದೆ. ನಾಯಿಯನ್ನು ಹಿಡಿದುಕೊಂಡು ಬರುವವರು ಕಡಿಮೆ. ಗಾದಿಯವರು ತಮ್ಮ ನಾಯಿಯನ್ನು ಕರೆದುಕೊಂಡು ಬಂದಿದ್ದು ಆ ಸೋಮವಾರಕ್ಕೆ ಸ್ವಲ್ಪ ದಿನ ಮೊದಲು, ರಂಜಾನ್ ಆಗಷ್ಟೇ ಶುರುವಾಗಿದ್ದಾಗ.

ಅರವತ್ತು ದಾಟಿದ ಮನುಷ್ಯ. ಅವರ ತಂದೆಯ ಕಾಲದಿಂದಲೂ ಅರಳಿ, ಅಂದರೆ ಹತ್ತಿ, ಹಿಂಜಿ ಗಾದಿ, ತಲೆದಿಂಬು ಹೊಲಿಯುವ ಮನೆತನ. ಗಾದಿಯ ಮೇಲೆ ಗೆರೆ ಎಳೆದುಕೊಳ್ಳದೆ, ಬರೀ ಕಣ್ಣಳತೆಯಲ್ಲಿ ಡಬ್ಬಣ ಹಾಕಿ ಸಾಲು ತಪ್ಪದಂತೆ ಹೊಲಿಯುತ್ತಿದ್ದರು. ಊರಲ್ಲಿ ಎಲ್ಲರಿಗೂ ಅವರು ಚಾಚಾ. ನಾಯಿ ಬಿಳಿ ಬಣ್ಣದ್ದು, ಉದ್ದ ಮೂತಿಯ ಹೆಣ್ಣು. ಮೈಮೇಲೆ ಯಾವಾಗಲೂ ಅರಳಿಯ ಎಳೆ ಅಂಟಿಕೊಂಡಿರುತ್ತಿದ್ದರಿಂದ ಅದರ ಹೆಸರೂ ಅರಳಿ.

“ಸಾಹೇಬ್ರ, ಇದಕ್ಕ ಹುಚ್ಚುಗಿಚ್ಚು ಹತ್ತೈತೇನ ನೋಡ್ರಿ. ಓಣ್ಯಾಗ ಮಂದಿ ಹಂಗ ಅನ್ನಾಕತ್ತಾರ” ಅಂದರು.

“ಕಡದೈತೇನ ಯಾರಿಗಾದ್ರೂ?”

“ಇಲ್ರಿ. ಬೊಗಳತೈತಿ. ನಾ ಊಟಕ್ಕಂತ ಶಟರ್ ಎಳಕೊಂಡ ಒಳಗ ಕುಂತ್ರ ಸಾಕು, ಹೊರಗಿಂದ ಶಟರ್ ಕೆರಿತೈತಿ, ಬೊಗಳತೈತಿ. ಇಡೀ ಓಣಿ ತಿರುಗಿ ನೋಡತೈತಿ.”

ಊಟ ಎಂಬ ಮಾತನ್ನು ಅವರು ದನಿ ತಗ್ಗಿಸಿ ಹೇಳಿದರು. ಅವರಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಹೀಗಿದ್ದವರು ರೋಜಾ ಹಿಡಿಯಬೇಕಿಲ್ಲ, ಅದರ ಬದಲು ಬಡವರಿಗೆ ಉಣಿಸಿದರೆ ಆಯಿತು ಎಂದು ಮಸೀದಿಯ ಹಜರತರೇ ಹೇಳಿದ್ದರು. ಅವರೂ ಹಾಗೇ ಮಾಡುತ್ತಿದ್ದರು. ಆದರೂ ಓಣಿಯೆಲ್ಲ ಉಪವಾಸವಿರುವಾಗ ತಾನೊಬ್ಬ ಬಾಯಾಡಿಸುವುದು ಅವರಿಗೆ ನಾಚಿಕೆ. ಮನೆಯಿಂದ ತಂದ ಡಬ್ಬಿಯನ್ನು ಅರಳಿ ಮೂಟೆಯ ಹಿಂದೆ ಇಟ್ಟಿರುತ್ತಿದ್ದರು. ಹಬ್ಬಕ್ಕೆ ಗಾದಿ ಹೊಸದು ಮಾಡಿಸುವವರು ಬರುತ್ತಲೇ ಇರುವರು. ಗಿರಾಕಿ ಹೋಗಬೇಕು, ನಮಾಜಿನ ಮಂದಿ ಚದುರಬೇಕು, ಆಮೇಲೆ ಶಟರ್ ಎಳೆದುಕೊಂಡು ನಾಲ್ಕು ತುತ್ತು. ಕೆಲವು ದಿನ ಬೇಗ ಆಗುತ್ತಿತ್ತು, ಕೆಲವು ದಿನ ಬಹಳ ತಡ.

“ಡಬ್ಬಿ ವಾಸನಿಗೆ ಬೊಗಳತೈತಿ, ಹೊಟ್ಟಿಬಾಕ” ಅಂದರು.

ನಾನು ಅರಳಿಯನ್ನು ಕ್ರಮವಾಗಿ ಪರೀಕ್ಷಿಸಿದೆ. ಜ್ವರವಿರಲಿಲ್ಲ. ನೀರಿಟ್ಟೆ, ಕುಡಿಯಿತು, ನುಂಗಲು ತೊಂದರೆಯಿಲ್ಲ, ಜೊಲ್ಲಿಲ್ಲ, ದವಡೆ ಜೋತಿಲ್ಲ, ಹಿಂಗಾಲಿನಲ್ಲಿ ಓಲಾಟವಿಲ್ಲ. ಬೆಳಕು, ಸದ್ದು ಎರಡಕ್ಕೂ ಬೆಚ್ಚಲಿಲ್ಲ. ಹಿಂದಿನ ವರ್ಷ ನಾನೇ ಹುಚ್ಚಿನ ಲಸಿಕೆ ಹಾಕಿದ್ದೆ. ಕಿವಿ ನೋಡಿದೆ, ಹಲ್ಲು ನೋಡಿದೆ, ಹೊಟ್ಟೆ ಒತ್ತಿದೆ. ಏನೂ ಇರಲಿಲ್ಲ. ಯಾವಾಗ ಬೊಗಳುತ್ತದೆ ಎಂದು ಕೇಳಿದೆ. ಆ ಹೊತ್ತಿನಲ್ಲಿ ನಿಮಗೆ ಹೇಗಿರುತ್ತದೆ ಎಂದು ಗಾದಿಯವರನ್ನು ಕೇಳಲಿಲ್ಲ. ನನ್ನ ಮೇಜಿನ ಮೇಲೆ ಇದ್ದದ್ದು ನಾಯಿ. ಕೇಳಬೇಕೆಂದು ಹೊಳೆಯಲೇ ಇಲ್ಲ.

“ಹುಚ್ಚಿಲ್ಲ ಚಾಚಾ. ಛಲೋ ಐತಿ.”

“ಛಲೋ ಇದ್ರೂ ಇಡಾಕ ಆಗೂದಿಲ್ರಿ. ಮಾಗಡಿ ಕೆರಿ ಕಡೆ ಬಿಟ್ಟ ಬರ್ರಿ ಅಂತಾರ ಎಲ್ಲಾರೂ.”

ಅವರು ಇದನ್ನು ಹೇಳುವಾಗ ಕೈ ನಾಯಿಯ ಹಗ್ಗದ ಮೇಲಿತ್ತು, ಮೈಮೇಲಲ್ಲ. ನಾಯಿಯ ಒದ್ದೆ ಮೂತಿ ಅಂಗಿಗೆ ತಗುಲಿದರೆ ತೊಳೆಯದೆ ಅವರು ನಮಾಜಿಗೆ ನಿಲ್ಲುವವರಲ್ಲ. ಅರಳಿಗೂ ಅದು ಗೊತ್ತಿತ್ತು. ಅಂಗಡಿಯ ಮೆಟ್ಟಿಲ ಮೇಲೆ, ಒಂದು ಮೊಳ ದೂರದಲ್ಲೇ ಮಲಗುತ್ತಿತ್ತು. ಆದರೆ ದಿನಾ ಬೆಳಿಗ್ಗೆ ಶಿರಹಟ್ಟಿ ರಸ್ತೆಯಲ್ಲಿ ಇಬ್ಬರೂ ನಡೆಯುವುದನ್ನು ನಾನು ಕಂಡಿದ್ದೆ. ನಡೆಯಿರಿ ಎಂದು ಡಾಕ್ಟರು ಎಷ್ಟೋ ಸಲ ಹೇಳಿದ್ದರಂತೆ. “ಡಾಕ್ಟರ್ ಮಾತಿಗೆ ಎದ್ದಿಲ್ಲ, ನನ್ನ ಮಾತಿಗೆ ಎದ್ದಿಲ್ಲ. ಅದು ಬಾಗಲಾಗ ಕುಂತ ಮಾರಿ ನೋಡಿದ್ರ ಚಪ್ಪಲಿ ಮೆಟಗೊಂಡ ಹೊಂಟಬಿಡ್ತಾರ” ಎಂದು ಅವರ ಹೆಂಡತಿ, ನಾವೆಲ್ಲ ಚಾಚಿ ಎನ್ನುವವರು, ಆಮೇಲೆ ನನಗೆ ಹೇಳಿದರು. ನಡೆಯತೊಡಗಿದ ಮೇಲೆ ಅವರ ರಕ್ತದೊತ್ತಡ ಇಳಿದಿತ್ತು, ರಾತ್ರಿ ನಿದ್ದೆ ಹತ್ತುತ್ತಿತ್ತು. ಅಂಥ ನಾಯಿಯನ್ನು ಕೆರೆಯ ದಂಡೆಗೆ ಬಿಟ್ಟು ಬರುವುದು ನನಗೂ ಸರಿ ಕಾಣಲಿಲ್ಲ.

ಹಾಗಾಗಿ ನಾನೊಂದು ಉಪಾಯ ಹೇಳಿದೆ. ರಾಶಿ ಮಾಡುವಾಗ ಎತ್ತು ಕಾಳಿಗೆ ಬಾಯಿ ಹಾಕದಿರಲಿ ಎಂದು ಮೂತಿಗೆ ಕಟ್ಟುವ ಹಗ್ಗದ ಬಲೆಗೆ ನಮ್ಮ ಕಡೆ ಕುಕ್ಕಿ ಅನ್ನುತ್ತಾರೆ. ನಾಯಿಗೂ ಅಂಥದ್ದೊಂದು ಸಣ್ಣ ಕುಕ್ಕಿ ಹಾಕೋಣ, ಮಧ್ಯಾಹ್ನದ ಹೊತ್ತು ಮಾತ್ರ. ದಾರದಿಂದ ಅರಳಿಯ ಮೂತಿಯ ಸುತ್ತಳತೆ ತೆಗೆದುಕೊಟ್ಟೆ. ಉಸಿರಾಟಕ್ಕೆ, ನಾಲಿಗೆಯ ತುದಿಗೆ ಎಡೆ ಇರಲಿ, ಬಾಯಿ ಪೂರ್ತಿ ತೆರೆಯದಿರಲಿ ಎಂದು ಹೇಳಿದೆ. ಮರುದಿನ ಗಾದಿ ಹೊಲಿಯುವ ದಪ್ಪ ದಾರದಿಂದ ಹೆಣೆದ ಕುಕ್ಕಿ ತಂದರು. ಒಳ್ಳೆಯ ಕೈಗೆಲಸ. ನಾನೇ ಅದನ್ನು ಹಾಕಿ, ಕಿವಿಯ ಹಿಂದೆ ಗಂಟು ಎಲ್ಲಿ ಬರಬೇಕೆಂದು ತೋರಿಸಿದೆ. ಅರಳಿ ಮುಂಗಾಲಿನಿಂದ ಮೂತಿಯನ್ನು ಕೆರೆದುಕೊಂಡಿತು, ನೆಲಕ್ಕೆ ಉಜ್ಜಿತು. ಎರಡು ದಿನದಲ್ಲಿ ರೂಢಿಯಾಗುತ್ತದೆ ಅಂದೆ.

ಆಯಿತು. ಓಣಿ ಶಾಂತವಾಯಿತು. ನಾಯಿಯನ್ನು ಊರು ಬಿಡಿಸದೆ ಉಳಿಸಿದೆ ಎಂದು ನನಗೆ ಸಮಾಧಾನವೂ ಆಯಿತು.

ಆ ಸೋಮವಾರ ನಾನು ಒಂದು ಎಮ್ಮೆಗೆ ಬಾಟಲಿ ಏರಿಸಿ ಬಂದು ಚಹಾಕ್ಕೆ ನಿಂತಿದ್ದೆ. ರಂಜಾನ್ ಮುಗಿಯುವ ತನಕ ಚಹಾದಂಗಡಿಯವರು ಮುಂದುಗಡೆ ಒಂದು ಬಟ್ಟೆಯ ಪರದೆ ಇಳಿಬಿಡುತ್ತಿದ್ದರು, ತಿನ್ನುವವರು ಹೊರಗೆ ಕಾಣದಿರಲಿ ಎಂದು. ಅಂದು ಚಹಾದವರದೂ ಶ್ರಾವಣ ಸೋಮವಾರದ ಉಪವಾಸ ನಡೆದಿತ್ತು. ನಾನು ಮಳೆ ನೋಡುತ್ತ ಪರದೆಯ ಈಚೆ ನಿಂತಿದ್ದೆ.

ಎದುರು ಅರಳಿ ಕುಕ್ಕಿ ಹಾಕಿಕೊಂಡೇ ಶಟರಿಗೆ ಮೈ ಬಡಿಯುತ್ತಿತ್ತು. ಹಿಂದೆ ಸರಿದು ಬಂದು ಹಾಯುವುದು, ಕೆರೆಯುವುದು, ಮತ್ತೆ ಹಾಯುವುದು. ಗಂಟಲಿನಲ್ಲೇ ಒಂದು ಸದ್ದು, ಬೊಗಳಿಕೆ ಹೊರಬರದೆ ಒಳಗೇ ಸಿಕ್ಕಿಕೊಂಡಂತೆ.

“ನೋಡ್ರಿ ಸಾಹೇಬ್ರ, ನಿಮ್ಮ ಔಷಧ ಬಾಯಿಗಷ್ಟ ಹತ್ತೈತಿ, ಕಾಲಿಗೆ ಹತ್ತಿಲ್ಲ” ಅಂದರು ಚಹಾದವರು.

“ಕುಕ್ಕಿ ಬಿಗಿ ಆಗಿರಬೇಕ ಅದಕ್ಕ.”

“ಬಿಗಿ ಅಲ್ರಿ, ಚಾಚಿ ಕೈ ಅಡಗಿ ವಾಸನಿ ಅದು. ಉಪಾಸ ಇದ್ದ ನನಗ ಹೊಟ್ಟಿ ಚುರ್ ಅಂತೈತಿ, ಅದಕ್ಕ ಅನಸಬಾರದ?”

ಇಬ್ಬರೂ ನಕ್ಕೆವು. ಚಹಾ ಬಿಸಿಯಿತ್ತು. ಮುಗಿಸಿ ಹೋಗಿ ಗಂಟು ಸಡಿಲಿಸೋಣ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ನಾಯಿ ಹಾಯುವುದನ್ನು ನಿಲ್ಲಿಸಿತು. ಶಟರಿನ ಕೆಳಗಿನ ಸಂದಿಗೆ ಮೂತಿಯಿಟ್ಟು ಮಲಗಿತು. ಸುಮ್ಮನಾಯಿತಲ್ಲ ಎಂದು ನಾನು ಉಳಿದ ಚಹಾವನ್ನು ನಿಧಾನವಾಗಿ ಕುಡಿದೆ. ಕಪ್ಪು ಕೆಳಗಿಟ್ಟು, ಚೀಲ ಎತ್ತಿಕೊಂಡು, ಓಣಿ ದಾಟಿ, ಅದರ ಪಕ್ಕ ಕುಳಿತೆ. ಅದು ನನ್ನತ್ತ ನೋಡಲಿಲ್ಲ. ಮೈ ನಡುಗುತ್ತಿತ್ತು. ಗಂಟಿಗೆ ಕೈ ಹಾಕಿದಾಗ ನನ್ನ ಮೊಣಕಾಲು ಒದ್ದೆಯಾಯಿತು. ಮಳೆಯ ನೀರು ಇಳಿಜಾರಿನಿಂದ ಆಚೆ ಹರಿಯುತ್ತಿತ್ತು. ಇದು ಶಟರಿನ ಒಳಗಿನಿಂದ ಹೊರಗೆ ಬರುತ್ತಿದ್ದ ನೀರು.

“ಚಾಚಾ” ಎಂದು ಕೂಗಿದೆ. ಉತ್ತರವಿಲ್ಲ. ಶಟರ್ ಎತ್ತಿದೆ.

ಅವರು ಅರ್ಧ ತುಂಬಿದ ಗಾದಿಯ ಮೇಲೆ ಮಗ್ಗುಲಾಗಿ ಬಿದ್ದಿದ್ದರು. ನೀರಿನ ಕೊಡ ಉರುಳಿತ್ತು. ಅಂಗಿ ಬೆವರಿನಿಂದ ಮೈಗೆ ಅಂಟಿತ್ತು, ಕಣ್ಣು ತೆರೆದಿದ್ದವು, ಆದರೆ ನನ್ನನ್ನು ಕಾಣುತ್ತಿರಲಿಲ್ಲ. ಹಲ್ಲು ಕಚ್ಚಿಕೊಂಡಿದ್ದರು. ಬಲಗೈ ಡಬ್ಬಣ ಹಿಡಿದಂತೆ ಮುದುಡಿತ್ತು. ಊಟದ ಡಬ್ಬಿ ಮುಚ್ಚಿದ್ದು ಮುಚ್ಚಿದಂತೆಯೇ ಪಕ್ಕದಲ್ಲಿತ್ತು.

ಸಕ್ಕರೆ ಇಳಿದಿದೆ ಎಂಬುದು ನೋಡಿದ ಕೂಡಲೇ ತಿಳಿಯಿತು. ಎಮ್ಮೆಗಳಲ್ಲಿ ನೋಡಿ ಗೊತ್ತು. ನನ್ನ ಚೀಲದಲ್ಲಿ ಡೆಕ್ಸ್‌ಟ್ರೋಸ್, ಅಂದರೆ ಸಕ್ಕರೆ ದ್ರಾವಣದ ಬಾಟಲಿ ಇತ್ತು, ಎಮ್ಮೆಗೆ ಒಂದನ್ನು ಏರಿಸಿದ ಮೇಲೆ ಉಳಿದಿದ್ದ ಇನ್ನೊಂದು. ಬೇಕಾದ ಮದ್ದು ಅದೇ. ಆದರೆ ಅದು ದನಗಳ ಪ್ರಮಾಣದ್ದು, ಸೂಜಿ ದನಗಳದ್ದು, ಮನುಷ್ಯನ ನರಕ್ಕೆ ಏರಿಸುವ ಅಧಿಕಾರವೂ ಅಭ್ಯಾಸವೂ ನನಗಿಲ್ಲ. ಬಾಟಲಿ ಕೈಗೆ ತೆಗೆದುಕೊಂಡು ಮತ್ತೆ ಇಟ್ಟೆ. ಅವರನ್ನು ಮಗ್ಗುಲಲ್ಲೇ ಹಿಡಿದು, ಚಹಾದವರು ತಂದ ಸಕ್ಕರೆಯನ್ನು ಬೆರಳಿನಿಂದ ಕೆನ್ನೆಯ ಒಳಗೆ, ವಸಡಿಗೆ ಸ್ವಲ್ಪ ಸ್ವಲ್ಪವೇ ಉಜ್ಜಿದೆ. ಬಾಯಿಗೆ ನೀರು ಹಾಕಬೇಡಿ, ಉಸಿರಿಗೆ ಹೋಗುತ್ತದೆ ಎಂದು ಕೂಗಿ ಹೇಳಿದೆ. ಯಾರೋ ಆಟೋ ತಂದರು. ಗಾದಿಯ ಸಮೇತ ಎತ್ತಿ ಅದರಲ್ಲಿಟ್ಟೆವು. ಅರಳಿ ಆಟೋದ ಹಿಂದೆ ಓಡಿ ಬಂದಿತು. ಕುಕ್ಕಿ ಅದರ ಮೂತಿಯಲ್ಲೇ ಇತ್ತು. ಬಿಚ್ಚುವುದು ನನಗೆ ಮರೆತೇ ಹೋಗಿತ್ತು.

ದವಾಖಾನೆಯಲ್ಲಿ ಸಿಸ್ಟರ್ ಒಬ್ಬರು ಬೆರಳು ಚುಚ್ಚಿ ನೋಡಿ, ನರ ಹುಡುಕಿ ಡೆಕ್ಸ್‌ಟ್ರೋಸ್ ಏರಿಸಿದರು. ಚಾಚಿ ಮನೆಯಿಂದ ಓಡಿ ಬಂದು ಕಾಲ ಹತ್ತಿರ ನಿಂತರು. ಗಾದಿಯವರಿಗೆ ಎಚ್ಚರ ಬರಲು ನಾನೆಣಿಸಿದ್ದಕ್ಕಿಂತ ಬಹಳ ಹೊತ್ತು ಹಿಡಿಯಿತು. ಬಂದ ಮೇಲೂ ಎದುರಿಗಿದ್ದ ಹೆಂಡತಿಯನ್ನು ಬೇರೆ ಯಾರನ್ನೋ ಎಂಬಂತೆ ಹೆಸರು ಹಿಡಿದು ಕರೆದರು. ಆಮೇಲೆ ಮೊದಲು ಕೇಳಿದ ಸರಿಯಾದ ಮಾತು ಇದು:

“ಶಟರ್ ಎತ್ತಿದಾಗ ಮಂದಿ ಇದ್ರೇನ?”

ಚಹಾದವರು ಮುಂದೆ ಬಂದು, “ಡಬ್ಬಿ ಮುಚ್ಚೇ ಇತ್ತ ಚಾಚಾ. ಯಾರೂ ಏನೂ ನೋಡಿಲ್ಲ, ಮಲಕೋರಿ” ಅಂದರು.

ನಾನು ಮೂಲೆಯಲ್ಲಿದ್ದೆ. ಹೊರಗೆ ಬಂದು ಅರಳಿಯ ಕುಕ್ಕಿ ಬಿಚ್ಚಿದೆ. ಅದು ಕೂಡಲೇ ನನ್ನಿಂದ ಹತ್ತು ಮಾರು ದೂರ ಹೋಗಿ ನಿಂತಿತು.

ಸಂಜೆ ಸಿಸ್ಟರ್ ಎಲ್ಲವನ್ನೂ ಬಿಡಿಸಿ ಕೇಳಿದರು. ಮುಂಡರಗಿ ಕಡೆಯವರು, ಮಾತು ನೇರ. ನಾಯಿಯ ವಿಷಯ ಬಂದಾಗ ಅವರು ಕೇಳಿದ್ದು ನಾನು ಕೇಳದ ಪ್ರಶ್ನೆ: “ಯಾವ್ ದಿನ ಬೊಗಳಿಲ್ಲ ಅದು?”

ಚಾಚಿ, ಚಹಾದವರು ಇಬ್ಬರೂ ಯೋಚಿಸಿ ಹೇಳಿದರು. ಗಿರಾಕಿ ಕಡಿಮೆಯಾಗಿ ಬೇಗ ಶಟರ್ ಎಳೆದ ದಿನ ಬೊಗಳಿಲ್ಲ. ಒಂದು ದಿನ ಚಹಾದವರೇ ಬಲವಂತದಿಂದ ಪರದೆಯೊಳಗೆ ಕರೆದು ಹೊತ್ತಿಗೆ ಸರಿಯಾಗಿ ಉಣಿಸಿದ್ದರು, ಅಂದೂ ಬೊಗಳಿಲ್ಲ. ಡಬ್ಬಿ ದಿನಾ ಇತ್ತು. ಬೊಗಳಿದ್ದು ಊಟ ತಡವಾದ ದಿನ ಮಾತ್ರ.

“ಅಂದ್ರ ಡಬ್ಬಿ ವಾಸನಿ ಅಲ್ಲ” ಅಂದರು ಸಿಸ್ಟರ್. “ಇವರ ವಾಸನಿ.”

ಸಕ್ಕರೆ ಇಳಿಯುವಾಗ ಮನುಷ್ಯರ ಉಸಿರಿನ, ಬೆವರಿನ ವಾಸನೆ ಬದಲಾಗುತ್ತದೆ, ಕೆಲವು ನಾಯಿಗಳು ಅದನ್ನು ಹಿಡಿಯುತ್ತವೆ ಎಂದು ನಾನು ಓದಿದ್ದೆ. ಎಲ್ಲ ನಾಯಿಗೂ ಇದು ಬರುವುದಿಲ್ಲ, ಬಂದರೂ ಪ್ರತಿ ಸಲ ಸರಿಯಾಗಬೇಕೆಂದಿಲ್ಲ. ಬೇರೆ ದೇಶಗಳಲ್ಲಿ ಇದಕ್ಕೆಂದೇ ನಾಯಿಗಳನ್ನು ಪಳಗಿಸುತ್ತಾರೆ. ಯಾರೂ ಪಳಗಿಸದ ಒಂದು ನಾಯಿ ಇಲ್ಲಿ ತಾನಾಗಿ ಆ ಕೆಲಸ ಮಾಡುತ್ತಿತ್ತು. ಓದಿ ತಿಳಿದಿದ್ದ ಒಬ್ಬನೇ ಮನುಷ್ಯ ಅದರ ಬಾಯಿಗೆ ಕುಕ್ಕಿ ಕಟ್ಟಿಸಿದ್ದ.

ಡಾಕ್ಟರು ಇನ್ಸುಲಿನ್ ಪ್ರಮಾಣ ಇಳಿಸಿದರು. ಬಹಳ ವರ್ಷದ ಕಾಯಿಲೆಯಾದ್ದರಿಂದ ಇವರಿಗೆ ನಡುಕ, ಬೆವರು, ಹಸಿವು ಎಂಬ ಮುನ್ಸೂಚನೆಗಳು ತಾವಾಗಿ ತಿಳಿಯುವುದು ನಿಂತಿದೆ, ಇನ್ನೊಮ್ಮೆ ಹೀಗಾಗಬಾರದು ಅಂದರು. ನಾನು ಬಾಟಲಿಯ ವಿಷಯ ಕೇಳಿದೆ. “ನೀವು ಏರಿಸದಿದ್ದದ್ದೇ ಸರಿ” ಅಂದರು. ಅದರ ಬಗ್ಗೆ ನನಗೆ ನೆಮ್ಮದಿಯಾಗಬೇಕಿತ್ತು. ಆದರೆ ನನ್ನನ್ನು ಕೊರೆಯುತ್ತಿದ್ದುದು ಬಾಟಲಿಯಲ್ಲ.

ಗಾದಿಯವರು ಅಂಗಡಿಗೆ ಮರಳಿದರು. ಕೈ ಆಡುತ್ತಿತ್ತು, ಮಾತು ಸರಿಯಿತ್ತು. ಆದರೆ ಹೊಲಿಯುತ್ತ ನಡುವೆ ನಿಲ್ಲುವರು; ಮುಂದಿನ ಸಾಲು ಯಾವ ಕಡೆಯಿಂದ ಎಂಬುದು ತಪ್ಪಿಹೋಗುತ್ತಿತ್ತು. ಸುಣ್ಣದ ಕಡ್ಡಿಯಿಂದ ಗಾದಿಯ ಮೇಲೆ ಗೆರೆ ಎಳೆದುಕೊಳ್ಳತೊಡಗಿದರು. ಬಹಳ ಹೊತ್ತು ಸಕ್ಕರೆ ಇಳಿದೇ ಇದ್ದರೆ ಮೆದುಳಿಗೆ ಪೆಟ್ಟಾಗಬಹುದು ಎಂದು ಡಾಕ್ಟರು ಹೇಳಿದ್ದರು. ಎಷ್ಟು ಹೊತ್ತು ಎಂದು ನಾನು ಕೇಳಲಿಲ್ಲ. ಆ ಗೆರೆಗಳನ್ನು ನೋಡಿದಾಗಲೆಲ್ಲ ಒಂದು ಕಪ್ಪು ಚಹಾ ಎಷ್ಟು ಹೊತ್ತಿನದು ಎಂದು ಮನಸ್ಸು ಲೆಕ್ಕ ಹಾಕುತ್ತಿತ್ತು.

ಕುಕ್ಕಿ ತೆಗೆದಾಗಿತ್ತು, ಇನ್ನು ಅರಳಿ ಮೊದಲಿನಂತೆ ಎಚ್ಚರಿಸುತ್ತದೆ ಎಂದು ನಾವೆಲ್ಲ ಅಂದುಕೊಂಡೆವು. ಸಿಸ್ಟರ್ ಸಕ್ಕರೆ ನೋಡುವ ಮಶೀನು ಬಳಸಲು ಚಾಚಿಗೆ ಕಲಿಸಿದರು. ಬೇಕೆಂದೇ ಸಕ್ಕರೆ ಇಳಿಸಿ ನಾಯಿಯನ್ನು ಪರೀಕ್ಷಿಸುವ ಮಾತೇ ಇರಲಿಲ್ಲ. ಊಟಕ್ಕೆ ಮುಂಚೆ ದಿನಾ ಬೆರಳು ಚುಚ್ಚಿ ನೋಡುವುದು, ನಾಯಿ ಏನಾದರೂ ಮಾಡಿದರೆ ಆಗಲೂ ನೋಡುವುದು, ಇಷ್ಟೇ. ಹಬ್ಬ ಮುಗಿದ ಮೇಲೆ ಒಂದು ಮಧ್ಯಾಹ್ನ ಸಕ್ಕರೆ ಇಳಿದದ್ದು ಮಶೀನಿನಲ್ಲಿ ಕಂಡಿತು. ಅರಳಿ ಬೊಗಳಿರಲಿಲ್ಲ. ಮೆಟ್ಟಿಲ ಮೇಲೆ ಸುಮ್ಮನಿದ್ದಂತೆ ಕಂಡಿತು. ಕೆಲವು ದಿನಗಳ ನಂತರ ಮತ್ತೆ ಹಾಗೇ ಆಯಿತು.

“ಅದಕ್ಕ ಈಗ ಗೊತ್ತಾಗವಲ್ದೇನ್ರಿ?” ಎಂದು ಚಾಚಿ ನನ್ನನ್ನು ಕೇಳಿದರು.

ಗೊತ್ತಾದರೂ ಹೇಳಬಾರದೆಂದು ಕಲಿತಿರಬೇಕು ಎಂದು ಅನಿಸಿದರೂ, ನೋಡೋಣ ಚಾಚಿ ಎಂದಷ್ಟೇ ಅಂದೆ.

ನನ್ನ ಮಧ್ಯಾಹ್ನದ ಬಿಡುವನ್ನೆಲ್ಲ ಅಲ್ಲೇ ಕಳೆಯತೊಡಗಿದೆ. ಸಕ್ಕರೆ ಇಳಿದ ದಿನ ಬೆವರಿದ ಬನಿಯನನ್ನು ಸ್ಟೀಲ್ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಡುವಂತೆ ಚಾಚಿಗೆ ಹೇಳಿದೆ. ಬೇರೊಂದು ಡಬ್ಬಿಯಲ್ಲಿ ಮಾಮೂಲಿ ದಿನದ ಬನಿಯನನ್ನು. ಮೊದಲ ಡಬ್ಬಿ ಮೂಸಿದಾಗ ಅರಳಿ ಬೊಗಳಿದರೆ ಒಂದು ತುಣುಕು ಬೇಯಿಸಿದ ಮಾಂಸ ಕೊಡುವುದು, ಇಲ್ಲದಿದ್ದರೆ ಇಲ್ಲ. ಪಳಗಿಸುವ ಕ್ರಮ ಅದು. ಆದರೆ ನಾನು ಓಣಿಯ ತಿರುವಿನಲ್ಲಿ ಕಾಣಿಸಿಕೊಂಡರೆ ಸಾಕು, ಅರಳಿ ಚಹಾದಂಗಡಿಯ ಬೆಂಚಿನ ಕೆಳಗೆ ಸೇರುತ್ತಿತ್ತು. ನನ್ನ ಕೈಯಿಂದ ಮಾಂಸ ಮುಟ್ಟಲಿಲ್ಲ. ಗಾದಿಯವರು ಕೊಟ್ಟರೆ ತಿನ್ನುತ್ತಿತ್ತು, ಬಾಲ ಆಡಿಸುತ್ತಿತ್ತು, ಬೊಗಳುತ್ತಿರಲಿಲ್ಲ. ಡಬ್ಬಿಯ ಮುಚ್ಚಳ ತೆಗೆದರೆ ಮುಖ ತಿರುಗಿಸುತ್ತಿತ್ತು.

“ಸಾಹೇಬ್ರ, ನಿಮ್ಮ ಪೇಶಂಟ ಮಾತಾಡಂಗಿಲ್ಲ, ನಮ್ಮ ಪೇಶಂಟ ಖರೆ ಮಾತಾಡಂಗಿಲ್ಲ. ಯಾರ ಪಾಡು ಛಲೋ ಹೇಳ್ರಿ” ಎಂದು ಸಿಸ್ಟರ್ ನಗಿಸಲು ನೋಡಿದರು. ಅವರು ತಮ್ಮ ರಜೆಯ ದಿನ ಬಂದಿದ್ದರು. ಚಾಚಿಯೂ ಇದ್ದರು.

ಅಂದು ನಾನು ಚಹಾದಂಗಡಿಯ ಒಳಗೆ, ಅರಳಿಗೆ ಕಾಣದಂತೆ ಕುಳಿತಿದ್ದೆ. ಗಾದಿಯವರು ಒಬ್ಬ ಗಿರಾಕಿಗೆ ತಲೆದಿಂಬು ಒತ್ತಿ ತೋರಿಸುತ್ತಿದ್ದರು. ಮಾತು ಸ್ಪಷ್ಟವಿತ್ತು, ಮುಖದಲ್ಲಿ ಏನೂ ಇರಲಿಲ್ಲ. ಅರಳಿ ಮೆಟ್ಟಿಲಿನಿಂದ ಎದ್ದಿತು. ಅವರ ಕಡೆ ಹೋಗಿ ಒಂದು ಮೊಳ ದೂರದಲ್ಲಿ ನಿಂತಿತು. ಗಾಳಿ ಮೂಸಿತು. ಆಮೇಲೆ ತಲೆ ತಗ್ಗಿಸಿ ಮೂತಿಯನ್ನು ನೆಲಕ್ಕೆ ಉಜ್ಜತೊಡಗಿತು, ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ. ಮುಂಗಾಲನ್ನು ಮೂಗಿನ ಮೇಲಿಂದ ಮತ್ತೆ ಮತ್ತೆ ಕೆಳಗೆಳೆಯಿತು. ಮೂತಿಯ ಮೇಲೆ ಏನೂ ಇರಲಿಲ್ಲ.

ನಾನು ಎದ್ದು ಹೋದೆ. ಕುಕ್ಕಿಯ ದಾರ ಉಜ್ಜಿ ಚರ್ಮಕ್ಕೆ ಗಾಯವಾಗಿರಬೇಕು, ಬೂಷ್ಟು ಹಿಡಿದಿರಬೇಕು ಎಂದು ತೋರಿತು. ಗಾದಿಯವರಿಗೆ ಅದನ್ನು ಹಿಡಿದುಕೊಳ್ಳಲು ಹೇಳಿ ಮೂತಿ ನೋಡಿದೆ. ಕೂದಲು ಉದುರಿಲ್ಲ, ಕೆಂಪಾಗಿಲ್ಲ. ಮುಲಾಮಿಗೆಂದು ಚೀಲ ತೆರೆದೆ.

“ಸಾಹೇಬ್ರ” ಅಂದರು ಸಿಸ್ಟರ್. “ನಾಯಿ ಬಿಡ್ರಿ. ಮೊದ್ಲ ಚಾಚಾನ ಬೆರಳ ತಗೋರಿ.”

ಚಾಚಿ ಚುಚ್ಚಿದರು. ಸಕ್ಕರೆ ಇಳಿಯುತ್ತಿತ್ತು. ಅಪಾಯದ ಮಟ್ಟ ಇನ್ನೂ ತಲುಪಿರಲಿಲ್ಲ. ಅವರಿಗೆ ಯಾವ ಲಕ್ಷಣವೂ ತಿಳಿದಿರಲಿಲ್ಲ. ಬೆಲ್ಲದ ನೀರು ಕುಡಿಸಿದೆವು. ಅವರು ಚೇತರಿಸಿಕೊಂಡ ಮೇಲೆ ಅರಳಿ ಉಜ್ಜುವುದನ್ನು ನಿಲ್ಲಿಸಿ ಮೆಟ್ಟಿಲಿಗೆ ಹೋಗಿ ಮಲಗಿತು.

ಎಲ್ಲರಿಗೂ ಅರ್ಥವಾಗಿತ್ತು. ಆ ವಾಸನೆ ಬಂದಾಗ ತನ್ನ ಬಾಯಿಗೆ ಕುಕ್ಕಿ ಇರುತ್ತದೆ ಎಂದು ಅದು ತಿಳಿದಿತ್ತು. ಇಲ್ಲದ ಕುಕ್ಕಿಯನ್ನು ಬಿಚ್ಚಿಕೊಳ್ಳಲು ನೋಡುತ್ತಿತ್ತು.

ಮುಂದಿನ ವಾರಗಳಲ್ಲಿ ಇದು ಮತ್ತೆ ಮತ್ತೆ ತಾಳೆಯಾಯಿತು. ಒಮ್ಮೆ ಉಜ್ಜಿದಾಗ ಸಕ್ಕರೆ ಸರಿಯೇ ಇತ್ತು. ಒಮ್ಮೆ ಸಕ್ಕರೆ ಇಳಿದಾಗ ಅರಳಿ ಓಣಿಯಲ್ಲೇ ಇರಲಿಲ್ಲ. ಉಳಿದಂತೆ ಅದು ಹೇಳಿದ್ದು ತಪ್ಪಲಿಲ್ಲ. ಆದರೂ ನನಗೆ ಸಹಿಸಲಾಗಲಿಲ್ಲ. ಉಜ್ಜುವುದನ್ನು ಬಿಡಿಸಿ ಬೊಗಳುವುದನ್ನೇ ಮರಳಿ ಕಲಿಸೋಣ, ಗದಗಿನಲ್ಲಿ ನಾಯಿ ಪಳಗಿಸುವವರೊಬ್ಬರಿದ್ದಾರೆ, ಕೆಲವು ದಿನ ಅಲ್ಲಿಟ್ಟು ತರುತ್ತೇನೆ ಎಂದು ಗಾದಿಯವರಿಗೆ ಹೇಳಿದೆ. ಬೊಗಳಿದರೆ ದೂರಕ್ಕೂ ಕೇಳಿಸುತ್ತದೆ ಎಂದೂ ವಾದಿಸಿದೆ.

ಅವರು ಡಬ್ಬಣ ಕೆಳಗಿಟ್ಟರು.

“ಸಾಹೇಬ್ರ, ಅದು ಹೇಳಾಕತ್ತೈತಿ, ನನಗ ತಿಳೀತೈತಿ. ಮತ್ಯಾಕ ಅದನ್ನ ಕಾಡ್ತೀರಿ? ಅದಕ್ಕೇನ ಬ್ಯಾನಿ ಇಲ್ಲ ಅಂತ ನೀವಽ ನೋಡೀರಿ. ಉಜ್ಜೂದ ನೋಡಿದ್ರ ನಿಮಗ ಬ್ಯಾನಿ ಆಗತೈತಿ. ನಿಮ್ಮ ಬ್ಯಾನಿಗೆ ಅದನ್ನ ಗದಗಿಗೆ ಯಾಕ ಒಯ್ಯಬೇಕ?”

ಅವರು ಡಬ್ಬಣ ಮತ್ತೆ ಕೈಗೆತ್ತಿಕೊಂಡರು.

“ದೂರದಾಂವಗ ಕೇಳಬೇಕಂತೀರಿ. ನಾ ಶಟರ್ ಎಳದ್ರ ತಾನ ದೂರ? ಇನ್ನ ಎಳ್ಯಾಂಗಿಲ್ಲ.”

ಅದನ್ನು ಅವರು ಬರೀ ಮಾತಿಗೆ ಹೇಳಿರಲಿಲ್ಲ. ಮುಂದಿನ ರಂಜಾನಿನಲ್ಲಿ ಶಟರ್ ತೆರೆದೇ ಇತ್ತು. ಅಂಗಡಿಗೆಂದು ಒಂದು ಹಳೆಯ ಅಂಗಿ ಬೇರೆ ಇಟ್ಟಿದ್ದರು. ಅರಳಿ ಈಗ ಮೆಟ್ಟಿಲು ಬಿಟ್ಟು ಅವರ ಕಾಲ ಬಳಿಯೇ ಮಲಗುತ್ತಿತ್ತು. ನಮಾಜಿಗೆ ಹೋಗುವಾಗ ಕೈಕಾಲು ತೊಳೆದು ಅಂಗಿ ಬದಲಿಸುತ್ತಿದ್ದರು. ಮೊದಲ ದಿನ ಓಣಿಗೆ ಬೆನ್ನು ಮಾಡಿ ಕುಳಿತು ಡಬ್ಬಿ ಬಿಚ್ಚಿದರು. ತುತ್ತು ಎತ್ತುವ ಮೊದಲು ಎರಡು ಸಲ ಓಣಿಯತ್ತ ತಿರುಗಿ ನೋಡಿದರು. ನಮಾಜು ಮುಗಿಸಿ ಹೊರಟಿದ್ದ ಹಜರತರು ಅಂಗಡಿಯ ಮುಂದೆ ನಿಂತರು. ಚಹಾದವರು ಪರದೆ ಸರಿಸಿ ನೋಡಿದರು.

“ಇಷ್ಟ ಹೊತ್ತ ಮಾಡ್ತಾರೇನ? ಜಲ್ದ ಉಣ್ರಿ” ಅಂದರು ಹಜರತರು, ಗದರುವಂತೆ. ಮುಂದೆ ನಡೆದರು.

ಅದಾದ ಮೇಲೆ ಗಾದಿಯವರು ಕೆಲವು ವರ್ಷ ಬದುಕಿದ್ದರು. ಸಕ್ಕರೆ ಇಳಿದು ಎಚ್ಚರ ತಪ್ಪಿದ್ದು ಮತ್ತೆ ಆಗಲಿಲ್ಲ. ಬೆಳಗಿನ ನಡಿಗೆ ಬಿಡಲಿಲ್ಲ. ಸುಣ್ಣದ ಗೆರೆಯನ್ನೂ ಬಿಡಲಾಗಲಿಲ್ಲ. ಒಂದು ಚಳಿಗಾಲದಲ್ಲಿ ಎದೆಯಲ್ಲಿ ಕಫ ಕಟ್ಟಿ ತೀರಿಕೊಂಡರು. ಅರಳಿಯನ್ನು ಚಾಚಿ ಮನೆಯ ಅಂಗಳಕ್ಕೆ ಕರೆದುಕೊಂಡು ಹೋದರು. ಅಲ್ಲಿಯೂ ಅದು ಬೊಗಳಲಿಲ್ಲ, ಅಪರಿಚಿತರು ಬಂದರೂ, ಬೇರೆ ನಾಯಿ ಬಂದರೂ. ಒಂದೆರಡು ಮಳೆಗಾಲ ಕಳೆದು ವಯಸ್ಸಾಗಿ ಸತ್ತಿತು. ಕೊನೆಯ ಸಲ ನೋಡಲು ಹೋದಾಗ ನನ್ನಿಂದ ದೂರ ಹೋಗಲು ಅದಕ್ಕೆ ಶಕ್ತಿಯಿರಲಿಲ್ಲ. ಕಣ್ಣು ಮುಚ್ಚಿಕೊಂಡಿತು.

ಆಮೇಲೆ ನನ್ನ ಕೆಲಸದಲ್ಲಿ ಒಂದು ಬದಲಾವಣೆ ಮಾಡಿಕೊಂಡೆ. ಸಾಕಿದ ಪ್ರಾಣಿ ಇದ್ದಕ್ಕಿದ್ದಂತೆ ಬೇರೆ ರೀತಿ ಆಡುತ್ತಿದೆ ಎಂದು ಯಾರಾದರೂ ಬಂದರೆ, ಪ್ರಾಣಿಯನ್ನು ನೋಡಿ ಮುಗಿಸಿದ ಮೇಲೆ, ಕರೆತಂದವರಿಗೆ ನಿಮ್ಮ ಆರೋಗ್ಯ ಹೇಗಿದೆ ಎಂದು ಕೇಳುತ್ತೇನೆ. ಬಹಳ ಮಂದಿ ನಗುತ್ತಾರೆ. ಹಮ್ಮಿಗಿ ಊರಿನ ಒಬ್ಬರು, “ದನದ ಡಾಕ್ಟರ್ ನನಗೂ ಸೂಜಿ ಹಾಕಾಂವ ಅದಾನ” ಎಂದು ಊರೆಲ್ಲ ಹೇಳಿಕೊಂಡು ತಿರುಗಿದರು. ನಾನು ಕೇಳುವುದನ್ನು ನಿಲ್ಲಿಸಿಲ್ಲ.

ಆ ಸೋಮವಾರ ಶಟರ್ ಎತ್ತಿದಾಗ ಕಂಡವರಲ್ಲಿ, ಆಮೇಲೆ ಅರಳಿ ಮೂತಿ ಉಜ್ಜಿದ್ದನ್ನು ಕಂಡವರಲ್ಲಿ, ನನ್ನನ್ನು ಬಿಟ್ಟು ಮೂವರು ಈಗಲೂ ಇದ್ದಾರೆ. ಚಹಾದಂಗಡಿಯವರು ಅದೇ ಓಣಿಯಲ್ಲಿದ್ದಾರೆ. ನಾನು ಯಾವಾಗ ಕಪ್ಪು ಕೆಳಗಿಟ್ಟು ಓಣಿ ದಾಟಿದೆ ಎಂಬುದನ್ನು ನೋಡಿದವರು ಅವರೊಬ್ಬರೇ. ಸಿಸ್ಟರ್ ನಿವೃತ್ತರಾಗಿ ಮುಂಡರಗಿಯಲ್ಲಿದ್ದಾರೆ. ಮೂರನೆಯವರು ಚಾಚಿ. ಬರೆಯುವ ಮುಂಚೆ ಮೂವರನ್ನೂ ಕೇಳಿದೆ. ಚಹಾದವರು, ಸಿಸ್ಟರ್ ಇಬ್ಬರೂ ಬರೆಯಿರಿ ಅಂದರು. ಚಾಚಿ ಅಂದರು:

“ಬರೀರಿ. ನಿಮ್ಮೊಬ್ಬರದಽ ತಪ್ಪ ಅನ್ನೂಹಂಗ ಮಾತ್ರ ಬರೀಬ್ಯಾಡ್ರಿ. ನೀವು ಅಳತಿ ಕೊಟ್ರಿ. ಕುಂತ ಹೆಣದಾಕಿ ನಾ.”